ಗಂಡಸರಿಗೆ ಎಚ್‌ಪಿವಿ ಟೆಸ್ಟ್ ಬೇಕಾ? ಗಲ್ಫ್ ಮೆಡಿಕಲ್‌ನಲ್ಲಿ ‘ಫಿಟ್’ ಬಂದವರೂ ತಿಳಿಯಬೇಕಾದ ವಿಷಯ

ಹೀಗೊಂದು ಸಂದರ್ಭ ಯೋಚಿಸಿ. ದುಬೈಯಲ್ಲಿ ಕೆಲಸದಲ್ಲಿರುವ ಉಪ್ಪಳದ ಒಬ್ಬರು ಎರಡು ತಿಂಗಳ ರಜೆಗೆ ಊರಿಗೆ ಬಂದಿದ್ದಾರೆ. ಹೆಂಡತಿಗೆ ಸ್ವಲ್ಪ ಸಮಯದಿಂದ ಬಿಳಿಸೆರಗಿನ ತೊಂದರೆ. ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. ಡಾಕ್ಟರ್ ಒಂದು ಟೆಸ್ಟ್ ಬರೆದುಕೊಡುತ್ತಾರೆ. ಕೆಲವು ದಿನ ಬಿಟ್ಟು ವರದಿ ಬರುತ್ತದೆ: ‘ಹೈ ರಿಸ್ಕ್ ಎಚ್‌ಪಿವಿ – ಪಾಸಿಟಿವ್’. ಮೊಬೈಲ್‌ನಲ್ಲಿ ಹುಡುಕಿದರೆ ಮೊದಲ ಸಾಲಿನಲ್ಲೇ ಕಾಣುವುದು ‘ಲೈಂಗಿಕ ಸಂಪರ್ಕದಿಂದ ಹರಡುವ ವೈರಸ್’ ಎಂಬ ಮಾತು. ತಲಪಾಡಿ ದಾಟಿ ಮನೆಗೆ ಬರುವವರೆಗೆ ಕಾರಿನಲ್ಲಿ ಇಬ್ಬರದೂ ಮಾತಿಲ್ಲ.

ಗಂಡನ ತಲೆಯಲ್ಲಿ ಎರಡು ಪ್ರಶ್ನೆ. ಒಂದನ್ನು ಡಾಕ್ಟರರ ಹತ್ತಿರ ಕೇಳಬಹುದು: “ನಾನೂ ಟೆಸ್ಟ್ ಮಾಡಿಸಬೇಕಾ?” ಇನ್ನೊಂದನ್ನು ಯಾರ ಹತ್ತಿರವೂ ಕೇಳಲು ಆಗುವುದಿಲ್ಲ: “ಇದು ಎಲ್ಲಿಂದ ಬಂತು?”

ಈ ಎರಡೂ ಪ್ರಶ್ನೆಗೆ ವೈದ್ಯ ವಿಜ್ಞಾನದಲ್ಲಿ ನೇರವಾದ ಉತ್ತರ ಉಂಟು. ಉತ್ತರ ಗೊತ್ತಿಲ್ಲದೆ ಸಂಸಾರದಲ್ಲಿ ಬಿರುಕು ಬರಬಹುದು, ಸುಮ್ಮನೆ ಸಾವಿರಾರು ರೂಪಾಯಿ ಖರ್ಚಾಗಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ನಿಜವಾಗಿ ಟೆಸ್ಟ್ ಬೇಕಾದ ಹೆಂಗಸರಿಗೆ ಅದು ಸಿಗದೇ ಹೋಗಬಹುದು. ಆದ್ದರಿಂದ ಸ್ವಲ್ಪ ಬಿಡಿಸಿ ಹೇಳುವ ಪ್ರಯತ್ನ ಇದು.

ಎಚ್‌ಪಿವಿ ಅಂದರೆ ಏನು?

ಮೊದಲಿಗೆ ಒಂದು ಗೊಂದಲ ನಿವಾರಿಸೋಣ. ಎಚ್‌ಪಿವಿ ಬೇರೆ, ಎಚ್‌ಐವಿ ಬೇರೆ. ಹೆಸರಿನ ಅಕ್ಷರಗಳು ಹತ್ತಿರ ಹತ್ತಿರ ಇವೆ ಅಷ್ಟೇ. ಎಚ್‌ಐವಿ ಎಂದರೆ ಏಡ್ಸ್‌ಗೆ ಕಾರಣವಾಗುವ ವೈರಸ್. ಎಚ್‌ಪಿವಿ ಎಂದರೆ ಹ್ಯೂಮನ್ ಪ್ಯಾಪಿಲೋಮಾ ವೈರಸ್. ಇದು ರಕ್ತದಲ್ಲಿ ಹರಿದಾಡುವ ವೈರಸ್ ಅಲ್ಲ. ಚರ್ಮದಲ್ಲಿ ಮತ್ತು ದೇಹದ ಒಳಪದರದಲ್ಲಿ ಮಾತ್ರ ನೆಲೆಸುತ್ತದೆ.

ಈ ವೈರಸ್‌ನಲ್ಲಿ 200ಕ್ಕೂ ಹೆಚ್ಚು ಬಗೆಗಳಿವೆ. ಕೈಕಾಲಿಗೆ ಬರುವ ಸಾಮಾನ್ಯ ನರಹುಲಿಗೆ ಕಾರಣವೂ ಇದೇ ಕುಟುಂಬದ ವೈರಸ್. ಸುಮಾರು 40 ಬಗೆಗಳು ಗುಪ್ತಾಂಗದ ಭಾಗಕ್ಕೆ ತಗಲುತ್ತವೆ. ಅವುಗಳಲ್ಲಿ 6 ಮತ್ತು 11ನೇ ನಂಬರಿನವು ಗುಪ್ತಾಂಗದ ನರಹುಲಿ ತರುತ್ತವೆ, ಕ್ಯಾನ್ಸರ್ ತರುವುದಿಲ್ಲ. 16 ಮತ್ತು 18ನೇ ನಂಬರಿನವು ಅಪಾಯದವು. ಹೆಂಗಸರ ಗರ್ಭಕಂಠದ, ಅಂದರೆ ಗರ್ಭಕೋಶದ ಬಾಯಿಯ ಕ್ಯಾನ್ಸರ್‌ನಲ್ಲಿ ಸುಮಾರು 70 ಶೇಕಡಾ ಈ ಎರಡರಿಂದಲೇ ಬರುವುದು. ಈ ಸಂಬಂಧವನ್ನು 1980ರ ದಶಕದಲ್ಲಿ ತೋರಿಸಿಕೊಟ್ಟ ಜರ್ಮನಿಯ ವಿಜ್ಞಾನಿ ಹರಾಲ್ಡ್ ಝುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಇದು ಎಷ್ಟು ಸಾಮಾನ್ಯ? 2023ರಲ್ಲಿ ‘ಲ್ಯಾನ್ಸೆಟ್ ಗ್ಲೋಬಲ್ ಹೆಲ್ತ್’ ಪತ್ರಿಕೆಯಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಯ ಪ್ರಕಾರ 15 ವರ್ಷ ದಾಟಿದ ಗಂಡಸರಲ್ಲಿ ಹತ್ತಿರ ಹತ್ತಿರ ಮೂವರಲ್ಲಿ ಒಬ್ಬರಿಗೆ ಯಾವುದಾದರೊಂದು ಬಗೆಯ ಎಚ್‌ಪಿವಿ ಇತ್ತು. ಐವರಲ್ಲಿ ಒಬ್ಬರಿಗೆ ಅಪಾಯದ ಬಗೆಯದ್ದು ಇತ್ತು. ಮದುವೆಯಾದ ಹೆಚ್ಚಿನವರ ಶರೀರಕ್ಕೆ ಬದುಕಿನಲ್ಲಿ ಒಮ್ಮೆಯಾದರೂ ಇದು ಬಂದು ಹೋಗುತ್ತದೆ. ಬಂದದ್ದು ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನೋವಿಲ್ಲ, ಜ್ವರವಿಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷದೊಳಗೆ ದೇಹದ ರೋಗ ನಿರೋಧಕ ಶಕ್ತಿಯೇ ಅದನ್ನು ಅಡಗಿಸಿಬಿಡುತ್ತದೆ. ಹಾಗೆ ಅಡಗದೆ ವರ್ಷಗಟ್ಟಲೆ ಉಳಿದುಕೊಂಡಾಗ ಮಾತ್ರ ತೊಂದರೆ.

ಗಂಡಸರಿಗೆ ಯಾಕೆ ಟೆಸ್ಟ್ ಇಲ್ಲ?

ಮೊದಲ ಪ್ರಶ್ನೆಗೆ ಉತ್ತರ: ರೋಗಲಕ್ಷಣ ಇಲ್ಲದ ಗಂಡಸರಿಗೆ ಎಚ್‌ಪಿವಿ ಟೆಸ್ಟ್ ಬೇಡ. ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿ ಕೂಡ ಗಂಡಸರಿಗೆ ಈ ಟೆಸ್ಟ್ ಶಿಫಾರಸು ಮಾಡುವುದಿಲ್ಲ. ಹೆಂಡತಿಗೆ ಪಾಸಿಟಿವ್ ಬಂದಿದ್ದರೂ ಗಂಡನಿಗೆ ಟೆಸ್ಟ್ ಮಾಡಿಸಿ ಪ್ರಯೋಜನ ಇಲ್ಲ. ಗಂಡಸರ ಬಗ್ಗೆ ವೈದ್ಯರಿಗೆ ಉದಾಸೀನ ಎಂದು ತಿಳಿಯಬೇಡಿ. ಇದಕ್ಕೆ ನಾಲ್ಕು ಕಾರಣ ಉಂಟು.

ಒಂದು, ರಕ್ತದಲ್ಲಿ ಸಿಗುವುದಿಲ್ಲ. ವೈರಸ್ ಚರ್ಮದಲ್ಲೇ ಇರುವುದರಿಂದ ರಕ್ತ ಪರೀಕ್ಷೆಯಲ್ಲಿ ಅದನ್ನು ಹಿಡಿಯಲು ಆಗುವುದಿಲ್ಲ. ರಕ್ತದಲ್ಲಿ ಪ್ರತಿಕಾಯ ಹುಡುಕೋಣ ಎಂದರೆ ಸೋಂಕು ಬಂದ ಎಲ್ಲರಲ್ಲೂ ಅದು ಮೂಡುವುದಿಲ್ಲ. ಮೂಡಿದರೂ ಸೋಂಕು ಈಗ ಉಂಟಾ, ಹತ್ತು ವರ್ಷ ಹಿಂದೆ ಬಂದು ಹೋದದ್ದಾ ಎಂದು ಹೇಳುವುದಿಲ್ಲ.

ಎರಡು, ಸ್ಯಾಂಪಲ್ ತೆಗೆಯುವುದೇ ಕಷ್ಟ. ಹೆಂಗಸರಲ್ಲಿ ಗರ್ಭಕಂಠ ಎಂಬ ಒಂದು ನಿರ್ದಿಷ್ಟ ಜಾಗ ಉಂಟು. ಅಲ್ಲಿಂದ ಬ್ರಶ್‌ನಲ್ಲಿ ಸ್ಯಾಂಪಲ್ ತೆಗೆದರೆ ಸಾಕಷ್ಟು ಜೀವಕೋಶ ಸಿಗುತ್ತದೆ. ಗಂಡಸರಲ್ಲಿ ಅಂಥ ಒಂದು ಜಾಗ ಇಲ್ಲ. ಚರ್ಮ ಒಣಗಿದ್ದು, ದಪ್ಪ. ಒಂದು ಕಡೆ ಒರೆಸಿದರೆ ಇಲ್ಲ ಎಂದು ಬರಬಹುದು, ಅರ್ಧ ಇಂಚು ಆಚೆ ಇರಬಹುದು. ಮೂತ್ರದಲ್ಲಿ ಹುಡುಕಿದರೂ ಅಷ್ಟೇ, ಭರವಸೆ ಇಡಲು ಆಗುವುದಿಲ್ಲ.

ಮೂರು, ಪಾಸಿಟಿವ್ ಬಂದರೂ ಮದ್ದಿಲ್ಲ. ಎಚ್‌ಪಿವಿ ವೈರಸ್ಸನ್ನೇ ಕೊಲ್ಲುವ ಮಾತ್ರೆ, ಇಂಜೆಕ್ಷನ್ ಯಾವುದೂ ಇಲ್ಲ. ಇವತ್ತು ಪಾಸಿಟಿವ್ ಬಂದದ್ದು ಮುಂದಿನ ವರ್ಷ ತಾನಾಗಿ ಹೋಗಿರಬಹುದು. ಇವತ್ತು ನೆಗೆಟಿವ್ ಬಂದವರಿಗೆ ನಾಳೆ ತಗಲಬಹುದು. ವರದಿ ಹಿಡಿದುಕೊಂಡು ಡಾಕ್ಟರ್ ಮಾಡುವುದಕ್ಕೆ ಏನೂ ಇಲ್ಲ.

ನಾಲ್ಕು, ಗಂಡಸರಲ್ಲಿ ಇದರಿಂದ ಕ್ಯಾನ್ಸರ್ ಬರುವುದು ಕಡಿಮೆ. ಇಲ್ಲವೇ ಇಲ್ಲ ಎಂದಲ್ಲ. ಪುರುಷ ಜನನಾಂಗ, ಗುದದ್ವಾರ ಮತ್ತು ಗಂಟಲಿನ ಕೆಲವು ಕ್ಯಾನ್ಸರ್‌ಗಳಿಗೆ ಎಚ್‌ಪಿವಿ ಕಾರಣ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 2018ರಲ್ಲಿ ಜಗತ್ತಿನಲ್ಲಿ ಸುಮಾರು 69,400 ಗಂಡಸರಿಗೆ ಎಚ್‌ಪಿವಿಯಿಂದ ಕ್ಯಾನ್ಸರ್ ಬಂದಿತ್ತು. ಹೆಂಗಸರ ಲೆಕ್ಕ ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. 2022ರಲ್ಲಿ ಗರ್ಭಕಂಠದ ಕ್ಯಾನ್ಸರ್ ಒಂದೇ ಜಗತ್ತಿನಲ್ಲಿ ಸುಮಾರು 6 ಲಕ್ಷ 60 ಸಾವಿರ ಹೆಂಗಸರಿಗೆ ಬಂತು; ಅದರಲ್ಲಿ ಸುಮಾರು 1 ಲಕ್ಷ 27 ಸಾವಿರ ಮಂದಿ ಭಾರತದವರು. ಅದೇ ವರ್ಷ ಭಾರತದಲ್ಲಿ ಸುಮಾರು 80 ಸಾವಿರ ಹೆಂಗಸರು ಇದರಿಂದ ಪ್ರಾಣ ಕಳೆದುಕೊಂಡರು. ಅಂದರೆ ಈ ವೈರಸ್ ಗಂಡಸರಲ್ಲೂ ಇರುತ್ತದೆ, ಹೆಂಗಸರಲ್ಲೂ ಇರುತ್ತದೆ. ಆದರೆ ಅದರ ಬೆಲೆ ತೆರುವುದು ಹೆಚ್ಚಾಗಿ ಹೆಂಗಸರು.

ಒಂದು ವಿನಾಯಿತಿ ಉಂಟು. ಎಚ್‌ಐವಿ ಇರುವ ಪುರುಷರಲ್ಲಿ, ಅದರಲ್ಲೂ ಪುರುಷರೊಂದಿಗೆ ಸಂಪರ್ಕ ಇದ್ದವರಲ್ಲಿ ಗುದದ್ವಾರದ ಕ್ಯಾನ್ಸರ್ ಸಾಧ್ಯತೆ ಹೆಚ್ಚು. ಅಂಥವರಿಗೆ ಕೆಲವು ದೇಶಗಳಲ್ಲಿ ವಿಶೇಷ ತಪಾಸಣೆ ಮಾಡುತ್ತಾರೆ. ಅವರು ತಮ್ಮ ಡಾಕ್ಟರ ಹತ್ತಿರ ಮುಚ್ಚುಮರೆ ಇಲ್ಲದೆ ಮಾತಾಡಬೇಕು. ಡಾಕ್ಟರ ಕೋಣೆ ಅದಕ್ಕೇ ಇರುವುದು.

‘ಮೆಡಿಕಲ್ ಫಿಟ್’ ಅಂದರೆ ಎಲ್ಲ ಸರಿ ಅಂತ ಅಲ್ಲ

ಮಂಜೇಶ್ವರದಿಂದ ಕಾಞಂಗಾಡ್‌ವರೆಗೆ ಗಲ್ಫ್‌ಗೆ ಹೋದವರಿಲ್ಲದ ಮನೆ ಹುಡುಕುವುದು ಕಷ್ಟ. ಹೋಗುವ ಮೊದಲು ಮೆಡಿಕಲ್, ಅಲ್ಲಿ ಇಳಿದ ಮೇಲೆ ವೀಸಾ ಸ್ಟ್ಯಾಂಪ್‌ಗೆ ಇನ್ನೊಂದು ಮೆಡಿಕಲ್. ಹಾಗಾಗಿ ನಮ್ಮಲ್ಲಿ ಒಂದು ನಂಬಿಕೆ ಬೇರೂರಿದೆ: “ನನಗೆ ಮೆಡಿಕಲ್‌ನಲ್ಲಿ ಫಿಟ್ ಬಂದಿದೆ, ನನ್ನ ರಕ್ತ ಕ್ಲೀನ್.”

ಹಿಂದೆ ಗಾಮ್ಕಾ ಎನ್ನುತ್ತಿದ್ದ, ಈಗ ವಾಫಿದ್ ಮೂಲಕ ನಡೆಯುವ ಈ ಮೆಡಿಕಲ್‌ನಲ್ಲಿ ಮುಖ್ಯವಾಗಿ ನೋಡುವುದು ಎದೆಯ ಎಕ್ಸ್‌ರೇಯಲ್ಲಿ ಕ್ಷಯ, ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಮತ್ತು ಸಿಫಿಲಿಸ್. ಎಚ್‌ಪಿವಿ ಆ ಪಟ್ಟಿಯಲ್ಲಿ ಇಲ್ಲ. ಕಾರಣ ಮೇಲೆ ಹೇಳಿದ್ದೇ: ರಕ್ತದಲ್ಲಿ ಅದು ಸಿಗುವುದಿಲ್ಲ. ಆದ್ದರಿಂದ ಹೆಂಡತಿಗೆ ಪಾಸಿಟಿವ್ ಬಂದಾಗ “ನನ್ನದು ಕ್ಲೀನ್, ಹಾಗಾದರೆ ನಿನಗೆ ಎಲ್ಲಿಂದ?” ಎಂದು ಮೆಡಿಕಲ್ ಕಾಗದ ತೋರಿಸುವುದಕ್ಕೆ ಅರ್ಥವೇ ಇಲ್ಲ. ಆ ಕಾಗದ ಈ ವೈರಸ್ ಬಗ್ಗೆ ಏನೂ ಹೇಳುವುದಿಲ್ಲ.

ಇನ್ನು ಆನ್‌ಲೈನ್‌ನಲ್ಲಿ ‘ಎಸ್‌ಟಿಡಿ ಫುಲ್ ಪ್ಯಾಕೇಜ್’ ಎಂದು ಜಾಹೀರಾತು ಬರುತ್ತದೆ. ಮನೆಗೇ ಬಂದು ಸ್ಯಾಂಪಲ್ ತೆಗೆದುಕೊಂಡು ಹೋಗುತ್ತಾರೆ, ಗಂಡಸರ ಎಚ್‌ಪಿವಿಯೂ ಸೇರಿದೆ ಎನ್ನುತ್ತಾರೆ. ಮದುವೆಗೆ ಮುಂಚೆ ಹೀಗೊಂದು ಟೆಸ್ಟ್ ಮಾಡಿಸಿದರೆ ಒಳ್ಳೆಯದಲ್ವಾ ಎಂದು ಯುವಕರು ಕೇಳುವುದುಂಟು. ಉದ್ದೇಶ ಒಳ್ಳೆಯದೇ. ಆದರೆ ಎಚ್‌ಪಿವಿ ಮಟ್ಟಿಗೆ ಆ ದುಡ್ಡು ದಂಡ. ನೆಗೆಟಿವ್ ಬಂದರೆ ಸುಳ್ಳು ಸಮಾಧಾನ, ಪಾಸಿಟಿವ್ ಬಂದರೆ ಮದ್ದಿಲ್ಲದ ಚಿಂತೆ.

“ಇದು ಎಲ್ಲಿಂದ ಬಂತು?”

ಈಗ ಎರಡನೇ ಪ್ರಶ್ನೆ. ಬಾಯಿ ಬಿಟ್ಟು ಕೇಳಲಾಗದ ಪ್ರಶ್ನೆ.

ಉತ್ತರ: ಯಾವ ಟೆಸ್ಟ್‌ನಿಂದಲೂ ಅದನ್ನು ಹೇಳಲು ಸಾಧ್ಯವಿಲ್ಲ. ಈ ವೈರಸ್ ದೇಹದಲ್ಲಿ ವರ್ಷಗಟ್ಟಲೆ ಸದ್ದಿಲ್ಲದೆ ಮಲಗಿರಬಹುದು. ಹತ್ತು ಹದಿನೈದು ವರ್ಷ ಕಳೆದ ಮೇಲೆ, ವಯಸ್ಸಾಗಿಯೋ ಬೇರೆ ಕಾಯಿಲೆಯಿಂದಲೋ ನಿರೋಧಕ ಶಕ್ತಿ ತಗ್ಗಿದಾಗ, ಮತ್ತೆ ಟೆಸ್ಟ್‌ನಲ್ಲಿ ಕಾಣಿಸಿಕೊಳ್ಳಬಹುದು. ಇವತ್ತು ಪಾಸಿಟಿವ್ ಬಂತು ಎಂದರೆ ಇತ್ತೀಚೆಗೆ ಬಂತು ಎಂದು ಅರ್ಥವಲ್ಲ. ಮದುವೆಯ ಮೊದಲ ವರ್ಷದಲ್ಲೇ ಗಂಡನಿಂದ ಬಂದಿರಬಹುದು. ಗಂಡನಿಗೆ ಅದು ಇದ್ದದ್ದೇ ಗೊತ್ತಿಲ್ಲದೆ ಇರಬಹುದು, ಈಗ ಅವನಲ್ಲಿ ಹೋಗಿಯೂ ಇರಬಹುದು. ಇಬ್ಬರಲ್ಲಿ ಒಬ್ಬರಿಗೆ ಇದು ಎರಡನೇ ಮದುವೆಯಾಗಿದ್ದರೆ ಹಿಂದಿನ ಸಂಸಾರದಿಂದ ಬಂದಿರಬಹುದು. ಒಬ್ಬನೇ ಗಂಡ, ಒಬ್ಬಳೇ ಹೆಂಡತಿ ಎಂದು ನಿಯ್ಯತ್ತಿನಿಂದ ಬದುಕಿದವರಲ್ಲೂ ಇದು ಕಾಣಿಸಿಕೊಳ್ಳುತ್ತದೆ.

ಆದ್ದರಿಂದ ಎಚ್‌ಪಿವಿ ವರದಿ ಯಾರ ಚಾರಿತ್ರ್ಯದ ಸರ್ಟಿಫಿಕೇಟೂ ಅಲ್ಲ. ಈ ಕಾಗದ ಹಿಡಿದು ಹೆಂಡತಿಯನ್ನು ಪ್ರಶ್ನಿಸುವುದು, ಮನೆಯವರಿಗೆ ಹೇಳುವುದು, ಮಾತನ್ನು ತಲಾಖ್‌ವರೆಗೆ ಎಳೆಯುವುದು ದೊಡ್ಡ ಅನ್ಯಾಯ. ಸಾಕ್ಷಿ ಇಲ್ಲದೆ ಹೆಣ್ಣಿನ ಮೇಲೆ ಅಂಥ ಆರೋಪ ಹೊರಿಸುವುದು ನಮ್ಮ ದೀನ್‌ನಲ್ಲಿ ಎಷ್ಟು ಗಂಭೀರ ತಪ್ಪು ಎಂದು ಮದರಸದಲ್ಲಿ ಕಲಿತ ಎಲ್ಲರಿಗೂ ಗೊತ್ತು. ಲ್ಯಾಬ್ ವರದಿ ಸಾಕ್ಷಿ ಅಲ್ಲ. ಇದೇ ಮಾತು ಗಂಡನ ಮೇಲೆ ಸಂಶಯ ಪಡುವ ಹೆಂಡತಿಗೂ ಅನ್ವಯ.

ಡಾಕ್ಟರ್ ಬೇರೆ ಏನಾದರೂ ಹೇಳದಿದ್ದರೆ ಗಂಡ ಹೆಂಡತಿ ದೂರ ಇರಬೇಕಾದ ಅಗತ್ಯವೂ ಇಲ್ಲ. ಜೊತೆಗೆ ಬಾಳಿದವರಿಗೆ ಸಾಮಾನ್ಯವಾಗಿ ಇಬ್ಬರಿಗೂ ಅದೇ ವೈರಸ್ ತಾಗಿ ಆಗಿರುತ್ತದೆ. ಕಾಂಡೋಮ್ ಸ್ವಲ್ಪ ಮಟ್ಟಿಗೆ ರಕ್ಷಣೆ ಕೊಡುತ್ತದೆ, ಪೂರ್ತಿ ಅಲ್ಲ. ಅದು ಮುಚ್ಚದ ಭಾಗದ ಚರ್ಮದಿಂದಲೂ ಹರಡಬಹುದು.

“ಸುನ್ನತ್ ಆದವರಿಗೆ ಬರುವುದಿಲ್ಲ ಅಲ್ವಾ?”

ಇದು ಅರ್ಧ ನಿಜ. ಉಗಾಂಡದ ರಾಕಾಯಿ ಪ್ರದೇಶದಲ್ಲಿ ನಡೆದ ಪ್ರಯೋಗದ ಫಲಿತಾಂಶ 2009ರಲ್ಲಿ ಪ್ರಕಟವಾಯಿತು. ಎರಡು ವರ್ಷದ ನಂತರ ನೋಡಿದಾಗ ಸುನ್ನತ್ ಆದ ಗಂಡಸರಲ್ಲಿ ಅಪಾಯದ ಎಚ್‌ಪಿವಿ ಸುಮಾರು ಮೂರನೇ ಒಂದು ಭಾಗದಷ್ಟು ಕಡಿಮೆ ಇತ್ತು. 2011ರಲ್ಲಿ ಪ್ರಕಟವಾದ ಮುಂದಿನ ಭಾಗದಲ್ಲಿ ಅವರ ಹೆಂಡತಿಯರಲ್ಲೂ ಸೋಂಕು 28 ಶೇಕಡಾ ಕಡಿಮೆ ಕಂಡುಬಂತು. ಚಿಕ್ಕಂದಿನಲ್ಲೇ ಸುನ್ನತ್ ಆದವರಲ್ಲಿ ಜನನಾಂಗದ ಕ್ಯಾನ್ಸರ್ ಬಹಳ ಅಪರೂಪ.

ಆದರೆ ಮೂರನೇ ಒಂದು ಭಾಗ ಕಡಿಮೆ ಎಂದರೆ ಉಳಿದ ಎರಡು ಭಾಗ ಹಾಗೇ ಉಂಟು ಎಂದು ಅರ್ಥ. “ನಮ್ಮವರಿಗೆ ಇದು ಬರುವುದಿಲ್ಲ” ಎಂಬ ಧೈರ್ಯದಲ್ಲಿ ಹೆಂಗಸರ ತಪಾಸಣೆ ಬಿಟ್ಟರೆ ಅದು ಅಪಾಯ.

ಗಂಡಸರು ಡಾಕ್ಟರನ್ನು ಕಾಣಬೇಕಾದದ್ದು ಯಾವಾಗ?

ಟೆಸ್ಟ್ ಬೇಡ ಎಂದರೆ ಡಾಕ್ಟರೂ ಬೇಡ ಎಂದಲ್ಲ. ಈ ಕೆಳಗಿನವು ಕಂಡರೆ ನಾಚಿಕೆ ಬಿಟ್ಟು ಡಾಕ್ಟರನ್ನು ಕಾಣಿ:

• ಗುಪ್ತಾಂಗ ಅಥವಾ ಗುದದ್ವಾರದ ಸುತ್ತ ಹೂಕೋಸಿನ ಹಾಗೆ ಒರಟಾದ ಗಂಟುಗಳು, ಹೆಚ್ಚುತ್ತಾ ಹೋಗುವ ನರಹುಲಿ.
• ಎರಡು ಮೂರು ವಾರವಾದರೂ ಒಣಗದ ಹುಣ್ಣು, ಗಟ್ಟಿಯಾದ ಜಾಗ, ಬಣ್ಣ ಬದಲಾದ ಚರ್ಮ.
• ಗುದದ್ವಾರದಿಂದ ರಕ್ತ, ಬಿಡದ ನೋವು. ಮೂಲವ್ಯಾಧಿ ಎಂದು ನೀವೇ ತೀರ್ಮಾನಿಸಬೇಡಿ.
• ಗಂಟಲಲ್ಲಿ ಅಥವಾ ಕುತ್ತಿಗೆಯಲ್ಲಿ ಗಂಟು, ನುಂಗುವಾಗ ನೋವು, ಬಾಯಿಯಲ್ಲಿ ಒಣಗದ ಹುಣ್ಣು.

ನರಹುಲಿಗೆ ಚಿಕಿತ್ಸೆ ಉಂಟು. ಹಚ್ಚುವ ಮದ್ದು, ತಣ್ಣನೆಯ ಗ್ಯಾಸ್‌ನಿಂದ ಸುಡುವುದು, ಕಾಟರಿ. ಡಾಕ್ಟರ್ ಕಣ್ಣಿನಿಂದ ನೋಡಿಯೇ ಗುರುತಿಸುತ್ತಾರೆ, ಹೆಚ್ಚಾಗಿ ಲ್ಯಾಬ್ ಟೆಸ್ಟ್ ಬೇಕಾಗುವುದಿಲ್ಲ. ಕಾಲಿನ ಆಣಿಗೆ ಹಾಕುವ ಮದ್ದನ್ನೋ ಸುಣ್ಣವನ್ನೋ ಅಲ್ಲಿಗೆ ಹಚ್ಚಿಕೊಳ್ಳಬೇಡಿ, ಸುಟ್ಟ ಗಾಯ ಆಗುತ್ತದೆ. ಇನ್ನೊಂದು ವಿಷಯ: ಜನನಾಂಗದ ತುದಿಯ ಸುತ್ತ ಸಾಲಾಗಿ ಸಣ್ಣ ಮುತ್ತಿನಂಥ ಬೊಕ್ಕೆಗಳು ಹಲವು ಯುವಕರಲ್ಲಿ ಸಹಜವಾಗಿಯೇ ಇರುತ್ತವೆ. ಅದು ರೋಗವಲ್ಲ. ಸಂಶಯ ಇದ್ದರೆ ಒಮ್ಮೆ ತೋರಿಸಿ ನಿಶ್ಚಿಂತರಾಗಿ.

ಬಾಯಿ ಕ್ಯಾನ್ಸರ್ ಬಗ್ಗೆ ಒಂದು ಮಾತು. ಪಾಶ್ಚಾತ್ಯ ದೇಶಗಳಲ್ಲಿ ಗಂಟಲಿನ ಕ್ಯಾನ್ಸರ್‌ಗೆ ಎಚ್‌ಪಿವಿ ದೊಡ್ಡ ಕಾರಣ. ನಮ್ಮಲ್ಲಿ ಬಾಯಿ ಕ್ಯಾನ್ಸರ್‌ಗೆ ಮೊದಲ ಕಾರಣ ಹೊಗೆಸೊಪ್ಪು, ಅಡಿಕೆ, ಗುಟ್ಕಾ, ಬೀಡಿ ಸಿಗರೇಟು. ವೈರಸ್‌ಗೆ ಹೆದರಿ ಗುಟ್ಕಾ ಜಗಿಯುತ್ತಾ ಕೂತರೆ ಏನು ಪ್ರಯೋಜನ?

ಗಂಡಸರಿಗೆ ಬೇಕಾದ ಟೆಸ್ಟ್ ಬೇರೆ ಉಂಟು

ಸಂಶಯಕ್ಕೆ ಕಾರಣ ಇದ್ದರೆ, ಅಥವಾ ನಿಕಾಹ್‌ಗೆ ಮುಂಚೆ ಮಾಡಿಸಬೇಕು ಎಂದಿದ್ದರೆ, ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟ್ ಮಾಡಿಸಿ. ಇವು ರಕ್ತದಲ್ಲಿ ಸ್ಪಷ್ಟವಾಗಿ ಸಿಗುತ್ತವೆ ಮತ್ತು ಪಾಸಿಟಿವ್ ಬಂದರೆ ಮಾಡುವುದಕ್ಕೆ ಕೆಲಸ ಉಂಟು. ಸಿಫಿಲಿಸ್ ಪೆನ್ಸಿಲಿನ್‌ನಲ್ಲಿ ಗುಣವಾಗುತ್ತದೆ. ಎಚ್‌ಐವಿಗೆ ದಿನಕ್ಕೊಂದು ಮಾತ್ರೆ ತೆಗೆದುಕೊಂಡು ಪೂರ್ಣ ಆಯುಸ್ಸು ಬದುಕಬಹುದು. ಹೆಪಟೈಟಿಸ್ ಬಿ ಇಲ್ಲದವರು ಲಸಿಕೆ ಹಾಕಿಸಿಕೊಳ್ಳಬಹುದು.

ಕೇರಳದ ಸರಕಾರಿ ಆಸ್ಪತ್ರೆಗಳಲ್ಲಿರುವ ಎಚ್‌ಐವಿ ಪರೀಕ್ಷಾ ಕೇಂದ್ರಗಳಿಗೆ ‘ಜ್ಯೋತಿಸ್’ ಎಂದು ಹೆಸರು. ಲೈಂಗಿಕ ಸೋಂಕುಗಳ ಚಿಕಿತ್ಸಾ ಕೇಂದ್ರಗಳಿಗೆ ‘ಪುಲರಿ’ ಎಂದು ಹೆಸರು. ಟೆಸ್ಟ್ ಉಚಿತ, ಗುಟ್ಟು ಕಾಪಾಡುತ್ತಾರೆ. 2017ರ ಎಚ್‌ಐವಿ ಕಾಯ್ದೆಯ ಪ್ರಕಾರ ನಿಮ್ಮ ಒಪ್ಪಿಗೆ ಇಲ್ಲದೆ ಟೆಸ್ಟ್ ಮಾಡುವಂತಿಲ್ಲ, ವರದಿಯನ್ನು ಬೇರೆಯವರಿಗೆ ಹೇಳುವಂತಿಲ್ಲ. ಆಸ್ಪತ್ರೆಗೆ ಹೋಗುವ ಮೊದಲು ಫೋನಿನಲ್ಲಿ ಕೇಳಬೇಕಿದ್ದರೆ ರಾಷ್ಟ್ರೀಯ ಸಹಾಯವಾಣಿ 1097, ಕೇರಳದ ‘ದಿಶಾ’ ಆರೋಗ್ಯ ಸಹಾಯವಾಣಿ 1056.

ನಿಜವಾಗಿ ಟೆಸ್ಟ್ ಆಗಬೇಕಾದದ್ದು ಯಾರಿಗೆ?

ನಮ್ಮ ಉಮ್ಮ, ಹೆಂಡತಿ, ಅಕ್ಕಂದಿರಿಗೆ. 30 ದಾಟಿದ ಪ್ರತಿಯೊಬ್ಬ ಹೆಂಗಸಿಗೆ.

ಗರ್ಭಕಂಠದಲ್ಲಿ ವೈರಸ್ ಉಳಿದುಕೊಂಡರೂ ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15ರಿಂದ 20 ವರ್ಷ ಬೇಕು. ಅಂದರೆ ಹಿಡಿಯುವುದಕ್ಕೆ, ತಡೆಯುವುದಕ್ಕೆ ಅಷ್ಟು ದೊಡ್ಡ ಅವಕಾಶ ಉಂಟು. ಇಷ್ಟು ಸಮಯ ಕೊಡುವ ಕ್ಯಾನ್ಸರ್ ಅಪರೂಪ. ಆದರೂ ದೇಶದಲ್ಲಿ ವರ್ಷಕ್ಕೆ 80 ಸಾವಿರ ಮಂದಿ ಸಾಯುತ್ತಾರೆ ಎಂದರೆ ಕಾರಣ ಒಂದೇ, ಸಮಯಕ್ಕೆ ಯಾರೂ ನೋಡಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಗಸೂಚಿಯಲ್ಲಿ 30ರ ನಂತರ ಎಚ್‌ಪಿವಿ ಡಿಎನ್‌ಎ ಟೆಸ್ಟನ್ನು 5ರಿಂದ 10 ವರ್ಷಕ್ಕೊಮ್ಮೆ ಮಾಡಿಸಲು ಹೇಳುತ್ತದೆ. ಎಚ್‌ಐವಿ ಇರುವ ಹೆಂಗಸರು 25ರಿಂದಲೇ, ಇನ್ನೂ ಬೇಗ ಬೇಗ ಮಾಡಿಸಬೇಕು. ಭಾರತ ಸರಕಾರದ ಕಾರ್ಯಕ್ರಮದಲ್ಲಿ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ವಿಐಎ ಎಂಬ ಸರಳ ಪರೀಕ್ಷೆ ಉಂಟು: ಗರ್ಭಕಂಠಕ್ಕೆ ವಿನೆಗರ್‌ನಂಥ ದ್ರಾವಣ ಹಚ್ಚಿ ಬೆಳ್ಳಗಾಗುವ ಜಾಗ ಉಂಟಾ ಎಂದು ನೋಡುವುದು. ಪ್ಯಾಪ್ ಸ್ಮಿಯರ್ ಇನ್ನೊಂದು ವಿಧಾನ. ಎಚ್‌ಪಿವಿ ಡಿಎನ್‌ಎ ಟೆಸ್ಟ್‌ಗೆ ಹೆಂಗಸರು ತಾವೇ ಬ್ರಶ್‌ನಲ್ಲಿ ಸ್ಯಾಂಪಲ್ ತೆಗೆದುಕೊಡುವ ವ್ಯವಸ್ಥೆಯೂ ಇದೆ. ನಾಚಿಕೆಯಿಂದ ಆಸ್ಪತ್ರೆಗೆ ಹೋಗದವರಿಗೆ ಇದು ದೊಡ್ಡ ಅನುಕೂಲ. ಮಹಿಳಾ ಡಾಕ್ಟರೇ ಬೇಕು ಎಂದು ಕೇಳುವುದರಲ್ಲಿ ಕೂಡ ಏನೂ ತಪ್ಪಿಲ್ಲ.

ಪಾಸಿಟಿವ್ ಬಂದರೆ ಕ್ಯಾನ್ಸರ್ ಎಂದು ಅರ್ಥವಲ್ಲ. 16 ಅಥವಾ 18ನೇ ಬಗೆ ಬಂದರೆ ಕಾಲ್ಪೊಸ್ಕೋಪಿ ಎಂಬ ದೂರ್ಬೀನಿನಿಂದ ಗರ್ಭಕಂಠವನ್ನು ದೊಡ್ಡದು ಮಾಡಿ ನೋಡುತ್ತಾರೆ. ಬೇರೆ ಬಗೆಯದ್ದಾದರೆ ಮೊದಲು ಇನ್ನೊಂದು ಪರೀಕ್ಷೆ. ಕ್ಯಾನ್ಸರ್ ಆಗುವ ಮುಂಚಿನ ಬದಲಾವಣೆ ಕಂಡರೆ ಹೆಚ್ಚಾಗಿ ಆ ಭಾಗವನ್ನು ಮಾತ್ರ ಸುಟ್ಟು ಅಥವಾ ಕತ್ತರಿಸಿ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಬರಬಹುದು. ಕಥೆ ಅಲ್ಲಿಗೆ ಮುಗಿಯುತ್ತದೆ. ಆದರೆ ವರದಿ ನೋಡಿ ಹೆದರಿ, ನಾಚಿಕೆ ಪಟ್ಟು ಮುಂದಿನ ಅಪಾಯಿಂಟ್‌ಮೆಂಟ್‌ಗೆ ಹೋಗದೇ ಇದ್ದರೆ ಮುಗಿಯುವುದಿಲ್ಲ.

30 ದಾಟಿದವರ ಆರೋಗ್ಯ ಕೇಳಿಕೊಂಡು ಆಶಾ ಕಾರ್ಯಕರ್ತೆಯರು ‘ಶೈಲಿ’ ಆ್ಯಪ್ ಹಿಡಿದು ಮನೆ ಮನೆಗೆ ಬಂದದ್ದು ನೆನಪಿರಬಹುದು. 2025ರ ಫೆಬ್ರವರಿ 4ರ ವಿಶ್ವ ಕ್ಯಾನ್ಸರ್ ದಿನದಂದು ಕೇರಳ ಸರಕಾರ ‘ಆರೋಗ್ಯಂ ಆನಂದಂ – ಅಕಟ್ಟಾಂ ಅರ್ಬುದಂ’ ಎಂಬ ಅಭಿಯಾನ ಶುರುಮಾಡಿ ಹೆಂಗಸರ ಸ್ತನ ಮತ್ತು ಗರ್ಭಕಂಠದ ತಪಾಸಣೆಗೆ ಒತ್ತು ಕೊಟ್ಟಿತು. ಆಶಾ ಕಾರ್ಯಕರ್ತೆ ಬಂದಾಗ ಗಂಡಸರು ಜಗಲಿಯಲ್ಲೇ ನಿಂತು “ಇಲ್ಲಿ ಯಾರಿಗೂ ಏನೂ ತೊಂದರೆ ಇಲ್ಲ” ಎಂದು ಕಳುಹಿಸಿಬಿಡಬೇಡಿ. ಒಳಗಿರುವವರು ಮಾತಾಡಲಿ. ನಿಮ್ಮ ಪಂಚಾಯತಿನ ಕುಟುಂಬ ಆರೋಗ್ಯ ಕೇಂದ್ರದಲ್ಲಿ ಕೇಳಿದರೆ ತಪಾಸಣೆ ಎಲ್ಲಿ, ಯಾವ ದಿನ ಎಂದು ಹೇಳುತ್ತಾರೆ. ಕಾಗದ ಮಲಯಾಳದಲ್ಲಿ ಮಾತ್ರ ಇದ್ದು ಅರ್ಥವಾಗದಿದ್ದರೆ ಓದಿಸಿ, ಕೇಳಿ ತಿಳಿದುಕೊಳ್ಳಿ. ದೊಡ್ಡ ಚಿಕಿತ್ಸೆ ಬೇಕಾದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಸರಕಾರದ ಸಂಸ್ಥೆ. ಮಂಗಳೂರು, ದೇರಳಕಟ್ಟೆಯ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ನಮಗೆ ಹತ್ತಿರ.

ಮುಟ್ಟು ನಿಂತ ಮೇಲೆ ರಕ್ತ ಹೋಗುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡತಿ ಸೇರಿದ ನಂತರ ರಕ್ತ ಕಾಣುವುದು, ವಾಸನೆಯ ಬಿಳಿಸೆರಗು – ಇವಿದ್ದರೆ ಟೆಸ್ಟ್‌ನ ಸರದಿ ಕಾಯಬಾರದು. ಕೂಡಲೇ ಡಾಕ್ಟರನ್ನು ಕಾಣಬೇಕು.

ಹುಡುಗರಿಗೂ ಲಸಿಕೆ

ಟೆಸ್ಟ್‌ನಲ್ಲಿ ಗಂಡಸರಿಗೆ ಪಾತ್ರ ಇಲ್ಲದಿದ್ದರೂ ಲಸಿಕೆಯಲ್ಲಿ ಉಂಟು. ವೈರಸ್ ತಗಲುವ ಮೊದಲೇ, ಅಂದರೆ ಹದಿಹರೆಯದ ಆರಂಭದಲ್ಲೇ ಹಾಕಿಸಿದರೆ ಹೆಚ್ಚು ಫಲ. ಈಗಾಗಲೇ ಇರುವ ಸೋಂಕನ್ನು ಲಸಿಕೆ ಗುಣಪಡಿಸುವುದಿಲ್ಲ.

ಪುಣೆಯ ಸೀರಮ್ ಇನ್‌ಸ್ಟಿಟ್ಯೂಟ್ ತಯಾರಿಸಿದ ‘ಸರ್ವಾವ್ಯಾಕ್’ ಭಾರತದ್ದೇ ಲಸಿಕೆ. 2022ರಲ್ಲಿ ಅನುಮತಿ ಸಿಕ್ಕಿತು, 2023ರಲ್ಲಿ ಮಾರುಕಟ್ಟೆಗೆ ಬಂತು. 9ರಿಂದ 26 ವರ್ಷದ ಹುಡುಗಿಯರಿಗೂ ಹುಡುಗರಿಗೂ ಇದನ್ನು ಕೊಡಬಹುದು. 9ರಿಂದ 14ರವರೆಗೆ ಎರಡು ಡೋಸ್, 15ರ ನಂತರ ಮೂರು ಡೋಸ್ ಎಂಬುದು ಕಂಪೆನಿಯ ಕ್ರಮ. ಒಂದು ಡೋಸ್ ಕೂಡ ಒಳ್ಳೆಯ ರಕ್ಷಣೆ ಕೊಡುತ್ತದೆ ಎಂದು ತಿಳಿದದ್ದು ಭಾರತದಲ್ಲೇ ನಡೆದ ಒಂದು ಅಧ್ಯಯನದಿಂದ. 2009ರಲ್ಲಿ ಶುರುವಾದ ಆ ಪ್ರಯೋಗ 2010ರಲ್ಲಿ ಅರ್ಧದಲ್ಲೇ ನಿಂತುಹೋಯಿತು; ಹಲವು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು. ವರ್ಷಗಳ ನಂತರ ನೋಡಿದಾಗ ಅವರಿಗೂ 16 ಮತ್ತು 18ರಿಂದ ರಕ್ಷಣೆ ಇತ್ತು. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಒಂದು ಡೋಸ್ ಕ್ರಮಕ್ಕೂ ಒಪ್ಪಿಗೆ ಕೊಟ್ಟಿತು.

ಸರಕಾರದ ಗಮನ ಮೊದಲು ಹೆಣ್ಣುಮಕ್ಕಳ ಮೇಲೆ. 2024ರ ಫೆಬ್ರವರಿಯ ಮಧ್ಯಂತರ ಬಜೆಟ್‌ನಲ್ಲಿ 9ರಿಂದ 14ರ ಹುಡುಗಿಯರ ಲಸಿಕೆಗೆ ಪ್ರೋತ್ಸಾಹ ಕೊಡುವ ಮಾತು ಬಂತು. ಮಗಳ ಶಾಲೆಯಲ್ಲಿ, ಆಶಾ ಕಾರ್ಯಕರ್ತೆಯ ಹತ್ತಿರ ವಿಚಾರಿಸಿ. ಮನೆಯಲ್ಲಿ ದುಡ್ಡು ಸೀಮಿತ ಇದ್ದರೆ ಮೊದಲು ಮಗಳಿಗೆ. ಅನುಕೂಲ ಇದ್ದರೆ ಮಗನಿಗೂ ಹಾಕಿಸಿ. ನರಹುಲಿಯಿಂದ, ಅಪರೂಪದ ಕ್ಯಾನ್ಸರ್‌ಗಳಿಂದ ಅವನಿಗೆ ರಕ್ಷಣೆ. ನಾಳೆ ಅವನ ಮನೆಗೆ ಬರುವ ಹುಡುಗಿಗೂ ರಕ್ಷಣೆ. ಆಸ್ಟ್ರೇಲಿಯಾ 2007ರಲ್ಲಿ ಹುಡುಗಿಯರಿಗೆ, 2013ರಲ್ಲಿ ಹುಡುಗರಿಗೆ ಲಸಿಕೆ ಶುರುಮಾಡಿತು. ಸ್ಕಾಟ್‌ಲೆಂಡಿನಲ್ಲಿ 12–13ನೇ ವಯಸ್ಸಿನಲ್ಲಿ ಲಸಿಕೆ ಪಡೆದ ಹುಡುಗಿಯರಲ್ಲಿ ಒಬ್ಬರಿಗೂ ಗರ್ಭಕಂಠದ ಕ್ಯಾನ್ಸರ್ ಬಂದಿಲ್ಲ ಎಂದು 2024ರಲ್ಲಿ ವರದಿಯಾಯಿತು.

“ಲಸಿಕೆಯಿಂದ ಮಕ್ಕಳಾಗುವುದಿಲ್ಲ” ಎಂಬ ವಾಟ್ಸ್ಆ್ಯಪ್ ಸಂದೇಶ ನಿಮಗೂ ಬಂದಿರಬಹುದು. ಅದಕ್ಕೆ ಆಧಾರವಿಲ್ಲ. ಈ ಲಸಿಕೆಯಲ್ಲಿ ಜೀವಂತ ವೈರಸ್ ಇಲ್ಲ. ವೈರಸ್‌ನ ಹೊರಗವಚದಂಥ ಪ್ರೊಟೀನನ್ನು ಯೀಸ್ಟ್‌ನಲ್ಲಿ ಬೆಳೆಸಿ ತಯಾರಿಸುತ್ತಾರೆ. ಹಾಕಿದ ಕೈ ನೋವು, ಸ್ವಲ್ಪ ಜ್ವರ, ಕೆಲವರಿಗೆ ತಲೆಸುತ್ತು ಬರಬಹುದು; ಹಾಕಿಸಿಕೊಂಡ ಮೇಲೆ ಕಾಲು ಗಂಟೆ ಕೂತು ಬರಬೇಕು. ಮುಸ್ಲಿಂ ದೇಶಗಳಲ್ಲಿ ಇದು ಹೊಸದೂ ಅಲ್ಲ. ಅಬುಧಾಬಿಯಲ್ಲಿ 2008ರಿಂದ, ಮಲೇಶ್ಯದಲ್ಲಿ 2010ರಿಂದ ಶಾಲೆಯ ಹುಡುಗಿಯರಿಗೆ ಕೊಡುತ್ತಿದ್ದಾರೆ. ಬಾಂಗ್ಲಾದೇಶ 2023ರಲ್ಲಿ ಶುರುಮಾಡಿತು. ಲಸಿಕೆಯ ಬಗ್ಗೆ ವದಂತಿ ಎಷ್ಟು ದುಬಾರಿ ಎಂದು ಹತ್ತಿರದ ಮಲಪ್ಪುರಂ ಕಂಡಿದೆ. 2016ರಲ್ಲಿ ಅಲ್ಲಿ ಲಸಿಕೆ ಹಾಕಿಸದ ಮಕ್ಕಳು ಡಿಫ್ತೀರಿಯಾಕ್ಕೆ ಬಲಿಯಾದರು.

ನೆನಪಿಡಬೇಕಾದದ್ದು

• ರೋಗಲಕ್ಷಣ ಇಲ್ಲದ ಗಂಡಸರಿಗೆ ಎಚ್‌ಪಿವಿ ಟೆಸ್ಟ್ ಬೇಡ. ನರಹುಲಿ, ಒಣಗದ ಹುಣ್ಣು, ಗಂಟು ಇದ್ದರೆ ಡಾಕ್ಟರ್ ಬೇಕು.
• ಗಲ್ಫ್ ಮೆಡಿಕಲ್‌ನಲ್ಲಿ ಎಚ್‌ಪಿವಿ ನೋಡುವುದಿಲ್ಲ.
• ಎಚ್‌ಐವಿ, ಸಿಫಿಲಿಸ್, ಹೆಪಟೈಟಿಸ್ ಬಿ ಟೆಸ್ಟ್ ಗಂಡಸರಿಗೂ ಉಪಯೋಗ.
• 30 ದಾಟಿದ ಹೆಂಗಸರಿಗೆ ಗರ್ಭಕಂಠದ ತಪಾಸಣೆ ತಪ್ಪಿಸಬಾರದು.
• 9ರಿಂದ 14ರ ಮಕ್ಕಳಿಗೆ ಲಸಿಕೆ, ಮೊದಲು ಮಗಳಿಗೆ, ಆದರೆ ಮಗನಿಗೂ.
• ಎಚ್‌ಪಿವಿ ವರದಿಯಿಂದ ಯಾರಿಂದ, ಯಾವಾಗ ಬಂತು ಎಂದು ತಿಳಿಯುವುದಿಲ್ಲ. ಸಂಶಯಕ್ಕೆ ಅದು ಆಧಾರವಲ್ಲ.

ಆರಂಭದಲ್ಲಿ ಹೇಳಿದ ಆ ದಂಪತಿಗೆ ಮರಳಿ ಬರೋಣ. ಗಂಡ ತನಗೊಂದು ಟೆಸ್ಟ್ ಹುಡುಕಿಕೊಂಡು ಮಂಗಳೂರು ಸುತ್ತುವುದಕ್ಕಿಂತ ಹೆಂಡತಿಯ ಕಾಲ್ಪೊಸ್ಕೋಪಿ ಯಾವ ದಿನ ಎಂದು ಕೇಳಿಟ್ಟುಕೊಳ್ಳಲಿ. ಆ ದಿನ ಜೊತೆಗೆ ಹೋಗಲಿ. ರಜೆ ಮುಗಿದು ವಿಮಾನ ಹತ್ತಬೇಕಾದರೆ, ಮುಂದಿನ ಭೇಟಿಗೆ ಯಾರು ಕರೆದುಕೊಂಡು ಹೋಗುತ್ತಾರೆ, ಖರ್ಚಿಗೆ ಏನು ಎಂದು ಹೊಂದಿಸಿಟ್ಟು ಹೋಗಲಿ. ಅಲ್ಲಿಂದ ಫೋನ್ ಮಾಡುವಾಗ ಮೊದಲು ಅದನ್ನೇ ವಿಚಾರಿಸಲಿ. ಈ ವೈರಸ್ ವಿಷಯದಲ್ಲಿ ಗಂಡಸಿನಿಂದ ಆಗಬೇಕಾದ ಕೆಲಸ ಅದು.